ಬಾನೆಟ್ಟಿನ ಮೇಲಿನ ಹೆಸರು, ಒಳಗಿನ ಊರುಗಳು

ಅಂಬರನಾಥ ಪೂರ್ವದಲ್ಲಿ ನಮ್ಮ ಕಟ್ಟಡದ ಕೆಳಗೆ ಎರಡು ಕಾರು ಅಕ್ಕಪಕ್ಕ ನಿಲ್ಲುತ್ತವೆ. ಎರಡಕ್ಕೂ ಕಲ್ಯಾಣ ಆರ್‌ಟಿಒದ ಎಂಎಚ್ 05 ನಂಬರು. ಒಂದು ಮಾರುತಿ ಗ್ರ್ಯಾಂಡ್ ವಿಟಾರಾ, ವಿಜಯಪುರ ಕಡೆಯವರದ್ದು. ಇನ್ನೊಂದು ಟೊಯೋಟಾ ಗ್ಲಾಂಜಾ, ಕಾರ್ಕಳದವರದ್ದು. ಕಲ್ಯಾಣದಲ್ಲಿ ಅವರ ಹೋಟೆಲಿದೆ. ಭಾನುವಾರ ಬೆಳಿಗ್ಗೆ ಇಬ್ಬರೂ ಬಕೆಟು, ಹಳೇ ಬನಿಯನ್ನು ಹಿಡಿದು ಕೆಳಗಿಳಿಯುತ್ತಾರೆ. ಒರೆಸುತ್ತ ಒರೆಸುತ್ತ ಮಾತು ಎಲ್ಲೆಲ್ಲೋ ಸುತ್ತಿ ಕಡೆಗೆ ಒಂದೇ ಕಡೆ ಬಂದು ನಿಲ್ಲುತ್ತದೆ.

"ಏನ ಆಗ್ಲಿ ಸರ, ಮಾರುತಿ ಅಂದ್ರ ನಮ್ಮ ದೇಶದ್ದು. ನಮ್ಮ ರೊಕ್ಕ ನಮ್ಮಲ್ಲೇ ಉಳೀತದ."

"ದೇಶದ್ದು ಸರಿ ಮಾರಾಯ್ರೆ, ಆದ್ರೆ ಜಪಾನಿನ ಗಟ್ಟಿ ಬೇರೆಯೇ. ಬಾಗಿಲು ಹಾಕುವಾಗ ಶಬ್ದ ಕೇಳಿ ನೀವು."

ಇಬ್ಬರೂ ನನಗೆ ಬೇಕಾದವರು. ಇಬ್ಬರೂ ದುಡಿದ ದುಡ್ಡಿನಲ್ಲಿ, ಬ್ಯಾಂಕಿನ ಸಾಲ ಸೇರಿಸಿ ಕಾರು ಕೊಂಡವರು. ಆದರೆ ಇಬ್ಬರ ಮಾತೂ ಬುಡದಲ್ಲೇ ತಪ್ಪು. ಗ್ರ್ಯಾಂಡ್ ವಿಟಾರಾ 2022ರಲ್ಲಿ ಮಾರುಕಟ್ಟೆಗೆ ಬಂದಾಗ ಅದನ್ನು ಕಟ್ಟಿಕೊಟ್ಟದ್ದು ಟೊಯೋಟಾ ಕಿರ್ಲೋಸ್ಕರ್ ಕಂಪನಿ, ಬೆಂಗಳೂರು–ಮೈಸೂರು ರಸ್ತೆಯ ಬಿಡದಿಯಲ್ಲಿ. 2019ರಲ್ಲಿ ಬಂದ ಗ್ಲಾಂಜಾ ಎಂಬುದು ಮಾರುತಿಯ ಬಲೆನೊ ಕಾರೇ. ಸುಜುಕಿಯ ಕಾರ್ಖಾನೆಯಲ್ಲಿ ತಯಾರಾಗಿ, ಮುಂದಿನ ಜಾಲರಿ ಮತ್ತು ಗುರುತು ಬದಲಾಯಿಸಿಕೊಂಡು ಟೊಯೋಟಾ ಶೋರೂಮಿಗೆ ಬರುತ್ತದೆ. ಸ್ವದೇಶಿ ಎಂದು ಎದೆ ತಟ್ಟಿಕೊಳ್ಳುವವರ ಕಾರು ಟೊಯೋಟಾ ಕಾರ್ಖಾನೆಯದ್ದು. ಟೊಯೋಟಾದ ಗಟ್ಟಿತನ ನೆಚ್ಚಿದವರ ಬಾಗಿಲಿನ ಶಬ್ದ ಬಲೆನೊದ್ದು. ಇನ್ನು ಮಾರುತಿ "ನಮ್ಮ ದೇಶದ್ದು" ಎಂಬ ಮಾತು: 1982ರಲ್ಲಿ ಸರ್ಕಾರದ ಜೊತೆ ಶೇ. 26 ಪಾಲಿನೊಂದಿಗೆ ಒಳಬಂದ ಸುಜುಕಿ 2002ರ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚಿನ ಪಾಲು ಹಿಡಿಯಿತು. ಸರ್ಕಾರ ತನ್ನ ಕಡೆಯ ಷೇರನ್ನು 2007ರಲ್ಲಿ ಮಾರಿತು.

ನಾನು ಇಲ್ಲಿ ವಾದಿಸಲು ಹೊರಟಿರುವುದು ಇಷ್ಟೇ. ಬಾನೆಟ್ಟಿನ ಮೇಲಿನ ಗುರುತು ನೋಡಿ ಕಾರಿನ ದೇಶ ನಿರ್ಧರಿಸುವ ಅಭ್ಯಾಸವನ್ನು ನಾವು ಬಿಡಬೇಕು. "ಫಾರಿನ್ ಗಾಡಿ ಗಟ್ಟಿ" ಎನ್ನುವವರೂ ಬಿಡಬೇಕು, "ದೇಶಿ ಗಾಡಿ ಕೊಳ್ಳುವುದೇ ದೇಶಭಕ್ತಿ" ಎನ್ನುವವರೂ ಬಿಡಬೇಕು. ಎರಡೂ ಕಡೆಯವರು ನೋಡುತ್ತಿರುವುದು ನಾಲ್ಕು ಇಂಚಿನ ಕ್ರೋಮ್ ತುಂಡನ್ನು. ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ. ಕೆಲಸ ಎಲ್ಲಿ ನಡೆಯಿತು? ಡ್ರಾಯಿಂಗ್ ಯಾರ ಕೈಯಲ್ಲಿದೆ? ಒಳಗಿನ ಸಾಮಾನು ಯಾವ ಊರಿನದು?

ಬೇರೆ ಊರಿನವರಿಗೆ ಇದನ್ನು ಹೊಸದಾಗಿ ಹೇಳಬೇಕಾಗಬಹುದು, ಅಂಬರನಾಥದವರಿಗೆ ಹೇಳಬೇಕಾಗಿ ಬಂದಿರುವುದು ನನಗೆ ಬೇಸರದ ಸಂಗತಿ. ಈ ಊರು ಬೆಳೆದದ್ದೇ ಪರದೇಶದ ಕಂಪನಿಯೊಂದರ ಬೆಂಕಿಪೊಟ್ಟಣದಿಂದ. 1920ರ ದಶಕದಲ್ಲಿ ಸ್ವೀಡನ್ನಿನವರು ಇಲ್ಲಿ ವಿಮ್ಕೋ ಕಾರ್ಖಾನೆ ಕಟ್ಟಿದರು. ಪಶ್ಚಿಮದಲ್ಲಿ ಇವತ್ತಿಗೂ ರಿಕ್ಷಾದವರಿಗೆ "ವಿಮ್ಕೋ ನಾಕಾ" ಎಂದರೆ ಸಾಕು. ಆ ಕಡ್ಡಿ ಗೀರಿ ಒಲೆ ಹೊತ್ತಿಸಿದ ಯಾವ ಮನೆಯವರೂ ಅದನ್ನು ಸ್ವೀಡನ್ನಿನ ಬೆಂಕಿ ಎಂದುಕೊಳ್ಳಲಿಲ್ಲ. ಅಲ್ಲಿನ ಪಗಾರದಲ್ಲಿ ಈ ಊರಿನ ಮಕ್ಕಳು ಓದಿದರು, ಚಾಳಿನ ಖೋಲಿಗಳು ಎದ್ದವು.

ಪಕ್ಕದಲ್ಲೇ ಉಲ್ಲಾಸನಗರ. ದೇಶವಿಭಜನೆಯಾದಾಗ ಎಲ್ಲ ಬಿಟ್ಟು ಬಂದ ಸಿಂಧಿಗಳನ್ನು ಮಿಲಿಟರಿ ಕ್ಯಾಂಪಿನ ಬ್ಯಾರಕ್ಕುಗಳಲ್ಲಿ ಇರಿಸಿದ ಜಾಗ. ಅಲ್ಲಿ ಸಣ್ಣ ಸಣ್ಣ ಖೋಲಿಗಳಲ್ಲಿ ತಯಾರಾದ ವಸ್ತುಗಳ ಮೇಲೆ "ಮೇಡ್ ಇನ್ ಯುಎಸ್ಎ" ಎಂದಿರುತ್ತಿತ್ತು, ಯುಎಸ್ಎ ಎಂದರೆ ಉಲ್ಲಾಸನಗರ ಸಿಂಧಿ ಅಸೋಸಿಯೇಷನ್ ಎಂಬ ಮಾತು ನಮ್ಮ ಲೋಕಲ್ ರೈಲಿನಲ್ಲಿ ಹುಟ್ಟಿ ದೇಶವೆಲ್ಲ ಸುತ್ತಿತು. ಜನ ಈ ಮಾತು ಹೇಳಿಕೊಂಡು ನಗುತ್ತಾರೆ. ನನಗೆ ನಗು ಬರುವುದಿಲ್ಲ. ಮಾಡಿದವನ ಕೈಯಲ್ಲಿ ಕಸುಬಿತ್ತು. ಕೊಳ್ಳುವವನಿಗೆ ಆ ಕೈ ಬೇಡವಾಗಿತ್ತು, ಪರದೇಶದ ಹೆಸರು ಬೇಕಾಗಿತ್ತು. ಹಾಗಾಗಿ ಹೆಸರು ಅಂಟಿತು. ತಪ್ಪು ಅಂಟಿಸಿದವನದ್ದು ಎಷ್ಟೋ, ಹೆಸರಿಲ್ಲದೆ ಕೊಳ್ಳದ ನಮ್ಮದೂ ಅಷ್ಟೇ.

ಈಗ ಕಾರಿಗೆ ಬರುತ್ತೇನೆ, ಡೊಂಬಿವಲಿಯಿಂದಲೇ ಶುರುಮಾಡುತ್ತೇನೆ.

ಡೊಂಬಿವಲಿ ಪೂರ್ವದಿಂದ ಕಲ್ಯಾಣ–ಶಿಳ್ ರಸ್ತೆಗೆ ಬಂದರೆ "ಪ್ರೀಮಿಯರ್" ಎಂಬ ಹೆಸರು ಇನ್ನೂ ಕೇಳಿಸುತ್ತದೆ. ಪ್ರೀಮಿಯರ್ ಮೈದಾನ, ಪ್ರೀಮಿಯರ್ ಕಾಲನಿ. ಅಲ್ಲಿ ಈಗ ಗಗನಚುಂಬಿ ಕಟ್ಟಡಗಳು. ಮೊದಲು ಅಲ್ಲಿದ್ದದ್ದು ಪ್ರೀಮಿಯರ್ ಆಟೊಮೊಬೈಲ್ಸಿನ ಕಲ್ಯಾಣ ಕಾರ್ಖಾನೆ. ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಕಟ್ಟಿದ ಕಂಪನಿ ಅದು. ಮೂಲ ಕಾರ್ಖಾನೆ ಕುರ್ಲಾದಲ್ಲಿ. 1947ರಲ್ಲಿ ಅಲ್ಲಿಂದ ಹೊರಬಂದದ್ದು ಅಮೆರಿಕದ ಡಾಡ್ಜ್, ಬಿಡಿಭಾಗಗಳಲ್ಲಿ ತರಿಸಿ ಜೋಡಿಸಿದ್ದು. 1954ರಿಂದ ಇಟಲಿಯ ಫಿಯೆಟ್ 1100. 1974ರಲ್ಲಿ ಅದೇ ಕಾರು ಪ್ರೀಮಿಯರ್ ಪದ್ಮಿನಿಯಾಯಿತು. ಚಿತ್ತೋರಿನ ರಾಣಿಯ ಹೆಸರಿಗಿಂತ ದೇಶಿ ಹೆಸರು ಬೇಕೆ? ಆದರೂ ಬೊಂಬಾಯಿಯ ಟ್ಯಾಕ್ಸಿಯವರಾಗಲಿ, ಅದರಲ್ಲಿ ಟ್ರಂಕು, ಹಾಸಿಗೆ ಏರಿಸಿಕೊಂಡು ಊರಿಗೆ ಹೊರಡುತ್ತಿದ್ದ ನಮ್ಮವರಾಗಲಿ ಕೊನೆಯವರೆಗೆ ಕರೆದದ್ದು "ಫಿಯೆಟ್" ಎಂದೇ. ಗುರುತು ಬದಲಾದರೂ ಬಾಯಿಯ ಮಾತು ಬದಲಾಗಲಿಲ್ಲ.

ಹಾಗಾದರೆ ಪದ್ಮಿನಿ ಯಾವ ದೇಶದ್ದು? ಡ್ರಾಯಿಂಗು ಟೊರಿನೊ ನಗರದ್ದು. ಎರಕ, ಪ್ರೆಸ್ಸು, ಜೋಡಣೆ ಕುರ್ಲಾದ್ದು. ಸ್ಟಿಯರಿಂಗಿನ ಕಂಬಕ್ಕೆ ಅಂಟಿದ ಗೇರಿನ ಕೋಲು ಸಡಿಲವಾದರೆ ತಂತಿ, ವಾಷರಿನಲ್ಲಿ ಸರಿಮಾಡಿ ಮತ್ತೆ ಇಪ್ಪತ್ತು ವರ್ಷ ಓಡಿಸಿದ ಜಾಣ್ಮೆ ಗಲ್ಲಿಗಲ್ಲಿಯ ಗ್ಯಾರೇಜಿನ ಮಿಸ್ತ್ರಿಯದ್ದು. ಕೊನೆಯ ಪದ್ಮಿನಿ ಟ್ಯಾಕ್ಸಿ ಮುಂಬೈ ರಸ್ತೆಯಿಂದ ಇಳಿದದ್ದು 2023ರ ಅಕ್ಟೋಬರ್ 30ಕ್ಕೆ. ಅವತ್ತು ಮುಂಬೈಯ ಜನ ಕಣ್ಣು ಒರೆಸಿಕೊಂಡದ್ದು ಇಟಲಿಯ ಕಾರಿಗಾಗಿ ಅಲ್ಲ.

1994ರಲ್ಲಿ ಆ ಕಲ್ಯಾಣ ಕಾರ್ಖಾನೆಗೆ ಫ್ರಾನ್ಸಿನ ಪ್ಯೂಜೋ ಬಂತು. ಪಿಎಎಲ್ ಪ್ಯೂಜೋ ಎಂಬ ಜಂಟಿ ಕಂಪನಿ, ಪ್ಯೂಜೋ 309 ಎಂಬ ಕಾರು. ಗುರುತಿನಲ್ಲಿ ಎರಡು ಕಾಲಿನ ಮೇಲೆ ನಿಂತ ಸಿಂಹ. ಅದನ್ನು ಕೊಂಡವರು "ಫ್ರೆಂಚ್ ಕಾರು" ಎಂದು ಹೇಳಿಕೊಂಡರು. ಅದನ್ನು ಕಟ್ಟಿದವರು ಕಲ್ಯಾಣ, ಡೊಂಬಿವಲಿ, ಉಲ್ಲಾಸನಗರ, ಅಂಬರನಾಥದ ಸುತ್ತಿನ ಕೆಲಸಗಾರರು. ಕಾರ್ಮಿಕರ ತಕರಾರು, ಪಾಲುದಾರರ ತಕರಾರು ಸೇರಿ 1997ರ ಹೊತ್ತಿಗೆ ಪ್ಯೂಜೋ ಹೊರನಡೆಯಿತು. ವಿದೇಶಿ ಗುರುತಿನ ಆ ಕಾರು ನಿಂತಾಗ ಊಟ ತಪ್ಪಿದ್ದು ಎಲ್ಲಿ? ಪ್ಯಾರಿಸ್ಸಿನಲ್ಲಿ ಖಂಡಿತ ಅಲ್ಲ. "ವಿದೇಶಿ ಕಾರು ಹೋದರೆ ಹೋಗಲಿ" ಎಂದು ಸಲೀಸಾಗಿ ಹೇಳುವವರು ಆ ರಸ್ತೆಯಲ್ಲಿ ಒಮ್ಮೆ ಇಳಿದು, ವಯಸ್ಸಾದ ಯಾರನ್ನಾದರೂ ನಿಲ್ಲಿಸಿ ಕೇಳಬೇಕು.

ಕಂಪನಿ ಹೋದರೂ ಪ್ಯೂಜೋದ ಎಂಜಿನ್ ದೇಶ ಬಿಟ್ಟು ಹೋಗಲಿಲ್ಲ, ಇದು ಇನ್ನೂ ಸ್ವಾರಸ್ಯದ ಸಂಗತಿ. ಒಂದೂವರೆ ಲೀಟರಿನ ಅದರ ಡೀಸೆಲ್ ಎಂಜಿನ್ ಮಾರುತಿಯ ಝೆನ್ ಮತ್ತು ಎಸ್ಟೀಮ್ ಕಾರುಗಳ ಬಾನೆಟ್ಟಿನೊಳಗೆ ಬಂದು ಕೂತಿತು. ಅದಕ್ಕೂ ಮುಂಚೆ ಮಹೀಂದ್ರಾ ಜೀಪಿನಲ್ಲಿ ಪ್ಯೂಜೋದ್ದೇ ಬೇರೊಂದು ಡೀಸೆಲ್ ಎಂಜಿನ್ ಇತ್ತು. ಮಹೀಂದ್ರಾದವರು 1947ರಲ್ಲಿ ಜೋಡಿಸಲು ಶುರುಮಾಡಿದ ಜೀಪು ಅಮೆರಿಕದ ವಿಲ್ಲಿಸ್ ಕಂಪನಿಯದ್ದು. ನಮ್ಮ ಹಳ್ಳಿಯ ಪೊಲೀಸು, ತಹಸೀಲ್ದಾರ, ಚುನಾವಣೆಯ ಮೈಕು ಎಲ್ಲವನ್ನೂ ಹೊತ್ತ, ದೇಶಿ ಎಂದರೆ ಇದೇ ಎನ್ನುವಂಥ ಗಾಡಿಯ ಮೈ ಅಮೆರಿಕದ್ದು, ಹೃದಯ ಫ್ರಾನ್ಸಿನದ್ದು.

ಆಮೇಲೆ ಬಂತು ಫಿಯೆಟ್ಟಿನ 1.3 ಲೀಟರ್ ಮಲ್ಟಿಜೆಟ್. ಹತ್ತು ವರ್ಷಕ್ಕೂ ಮೀರಿ ನಮ್ಮ ರಸ್ತೆಗಳನ್ನು ಆಳಿದ ಡೀಸೆಲ್ ಎಂಜಿನ್ ಇದು. ಮಾರುತಿ ಸ್ವಿಫ್ಟಿನಲ್ಲಿ ಇದೇ, ಟಾಟಾ ವಿಸ್ಟಾದಲ್ಲಿ ಇದೇ, ಫಿಯೆಟ್ಟಿನ ಪುಂಟೊದಲ್ಲೂ ಇದೇ. ಸ್ವಿಫ್ಟ್ ಕೊಂಡವರು ಜಪಾನಿನದೆಂದರು, ವಿಸ್ಟಾ ಕೊಂಡವರು ಟಾಟಾದ್ದೆಂದರು, ಪುಂಟೊ ಕೊಂಡವರು ಇಟಲಿಯದ್ದೆಂದರು. ಎಂಜಿನ್ ತಯಾರಾದದ್ದು ಹರಿಯಾಣದ ಮಾನೇಸರದಲ್ಲಿ ಮತ್ತು ಪುಣೆ ಬಳಿಯ ರಾಂಜನಗಾಂವದಲ್ಲಿ.

ಎಲ್ಲಕ್ಕೂ ಮಿಗಿಲಾದ ಉದಾಹರಣೆ ಮತ್ತೆ ಪ್ರೀಮಿಯರ್ ಕಂಪನಿಯದ್ದೇ. 2009ರಲ್ಲಿ ಅದು ರಿಯೊ ಎಂಬ ಸಣ್ಣ ಎಸ್‌ಯುವಿ ತಂದಿತು. ಹೆಸರು, ಒಡೆತನ ಶುದ್ಧ ದೇಶಿ. ಕಾರು ಚೀನಾದ ಝೋಟೈ ಕಂಪನಿಯದ್ದು. ಝೋಟೈಯವರು ಅದನ್ನು ಮಾಡಿದ್ದು ಜಪಾನಿನ ದಾಯಿಹಾತ್ಸು ಟೆರಿಯೋಸ್ ಕಾರಿನ ವಿನ್ಯಾಸದಿಂದ. ಎಂಜಿನ್ ಮೊದಲು ಪ್ಯೂಜೋದ್ದು, ಆಮೇಲೆ ಫಿಯೆಟ್ಟಿನದ್ದು. ಜೋಡಣೆ ಚಿಂಚವಾಡದಲ್ಲಿ. ಸ್ವದೇಶಿ ಎಂದು ಈ ಕಾರನ್ನು ಕೊಂಡವನು ಯಾವ ದೇಶಕ್ಕೆ ದುಡ್ಡು ಕೊಟ್ಟ? ಐದು ದೇಶಕ್ಕೂ ಕೊಟ್ಟ, ಎಷ್ಟೆಷ್ಟು ಎಂಬುದು ಅವನಿಗೆ ಗೊತ್ತಾಗಲಿಲ್ಲ. ಅದೇ ನನ್ನ ತಕರಾರು.

"ಅದೆಲ್ಲ ಸರಿ, ಗಟ್ಟಿತನದ ಮಾತು ಬೇರೆ. ವಿದೇಶಿ ಕಂಪನಿಯವರು ತಗಡು ಹಾಕೋದಿಲ್ಲ" ಎನ್ನುತ್ತಾರೆ ಕಾರ್ಕಳದವರು. ಇದಕ್ಕೆ ಉತ್ತರ ಬಹಳ ಉದ್ದ ಬೇಕಿಲ್ಲ. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ನಮ್ಮಲ್ಲಿ ಮಾರುವ ಐದು ಕಾರುಗಳನ್ನು ಗೋಡೆಗೆ ಗುದ್ದಿಸಿ ನೋಡಿತು. ಮಾರುತಿ ಆಲ್ಟೊ, ಟಾಟಾ ನ್ಯಾನೊ, ಹ್ಯುಂಡೈ ಐ10, ಫೋರ್ಡ್ ಫಿಗೊ, ಫೋಕ್ಸ್‌ವಾಗನ್ ಪೋಲೊ. ಜಪಾನ್ ಸಂಬಂಧದ್ದು, ನಮ್ಮದು, ಕೊರಿಯಾದ್ದು, ಅಮೆರಿಕದ್ದು, ಜರ್ಮನಿಯದ್ದು. ಐದಕ್ಕೂ ಸೊನ್ನೆ ಸ್ಟಾರ್. ಪೋಲೊಗೆ ಏರ್‌ಬ್ಯಾಗ್ ಇಟ್ಟು ಮತ್ತೆ ಪರೀಕ್ಷಿಸಿದಾಗ ನಾಲ್ಕು ಸ್ಟಾರ್ ಬಂತು. ಜರ್ಮನಿಯ ಗುರುತು ಎರಡೂ ಸಲ ಅದೇ ಇತ್ತು. ಏರ್‌ಬ್ಯಾಗು ಮೊದಲ ಸಲ ಇರಲಿಲ್ಲ. 2018ರಲ್ಲಿ ಅದೇ ಪರೀಕ್ಷೆಯಲ್ಲಿ ಐದು ಸ್ಟಾರ್ ಪಡೆದ ಮೊದಲ ಭಾರತೀಯ ಕಾರು ಟಾಟಾ ನೆಕ್ಸಾನ್. ಗಟ್ಟಿತನ ಬರುವುದು ಕಂಪನಿ ಎಷ್ಟು ಖರ್ಚು ಮಾಡಲು ಒಪ್ಪಿತು, ಸರ್ಕಾರ ಎಷ್ಟು ಕಡ್ಡಾಯ ಮಾಡಿತು ಎಂಬುದರಿಂದ.

ಗುಣಮಟ್ಟದ ವಿಷಯದಲ್ಲಿ ನಾನು ಕಣ್ಣಾರೆ ಕಂಡದ್ದನ್ನೂ ಹೇಳಬೇಕು. ಅಂಬರನಾಥ ಎಂಐಡಿಸಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಬಹಳ ವರ್ಷ ಇನ್‌ಸ್ಪೆಕ್ಷನ್ ಟೇಬಲ್ಲಿನ ಮುಂದೆ ಕೂತವನು. ಹೆಬ್ಬೆರಳಿನ ಗಾತ್ರದ ಉಕ್ಕಿನ ಬುಷ್ಷುಗಳನ್ನು ನಾವು ಮಾಡುತ್ತಿದ್ದೆವು. ಕಳಂಬೋಲಿಯ ಉಕ್ಕಿನ ಮಾರುಕಟ್ಟೆಯಿಂದ ಸರಳು ಬರುತ್ತಿತ್ತು. ಲೇತ್ ಮೇಲೆ ಬೆಳಗಿನ ಪಾಳಿಯಲ್ಲಿ ದೇಶಿ ಗುರುತಿನ ಕಾರಿನ ಮಾಲು, ಸೆಟ್ಟಿಂಗ್ ಬದಲಿಸಿ ಮಧ್ಯಾಹ್ನದ ಮೇಲೆ ವಿದೇಶಿ ಗುರುತಿನ ಕಾರಿನ ಮಾಲು. ಲೇತ್ ಅದೇ, ಸರಳು ಅದೇ, ಓಡಿಸುತ್ತಿದ್ದ ಕಲಬುರಗಿಯ ಹುಡುಗನೂ ಅವನೇ. ಬರ್, ಅಂದರೆ ಅಂಚಿನ ಚೂಪು ಚೂರು, ತೆಗೆಯುತ್ತಿದ್ದ ಇಬ್ಬರು ಹೆಂಗಸರು ಬದಲಾಪುರದಿಂದ 6 ಗಂಟೆಯ ಲೋಕಲ್ ಹಿಡಿದು ಬರುತ್ತಿದ್ದರು.

ನನ್ನ ಕೈಯಲ್ಲಿ ಎರಡು ಬದಿಯ ಪ್ಲಗ್ ಗೇಜು. ಒಂದು ತುದಿ ಬುಷ್ಷಿನ ತೂತಿನೊಳಗೆ ಸರಾಗವಾಗಿ ಇಳಿಯಬೇಕು, ಇನ್ನೊಂದು ತುದಿ ಇಳಿಯಲೇಬಾರದು. ಎರಡು ತುದಿಯ ನಡುವಿನ ವ್ಯತ್ಯಾಸ ತಲೆಗೂದಲಿಗಿಂತ ತೆಳು. ಒಮ್ಮೆ ಒಂದು ದೊಡ್ಡ ಕಂಪನಿಯಿಂದ ಇಡೀ ಲಾಟು ವಾಪಸು ಬಂತು. ಒಂದೇ ಒಂದು ಬುಷ್ಷು ಗೇಜಿನ ತಪ್ಪು ತುದಿಯನ್ನು ಒಳಗೆ ಬಿಟ್ಟುಕೊಂಡಿತ್ತು. ರಾತ್ರಿಯೆಲ್ಲ ಕೂತು ನಾಲ್ಕು ಸಾವಿರ ಬುಷ್ಷು ಒಂದೊಂದಾಗಿ ನೋಡಿದೆವು. ಬೆಳಗಿನ ಹೊತ್ತಿಗೆ ಬೆರಳ ತುದಿಯ ಚರ್ಮ ಎದ್ದಿತ್ತು, ಎಣ್ಣೆ ಹತ್ತಿ ಉರಿಯುತ್ತಿತ್ತು. ವಾಪಸು ಕಳಿಸಿದ್ದು ಸ್ವದೇಶಿ ಗುರುತಿನ ಕಂಪನಿ. "ದೇಶಿ ಕಾರಿಗೆ ಎಂಥ ಮಾಲಾದರೂ ನಡೆಯುತ್ತದೆ" ಎಂಬ ಮಾತು ಕೇಳಿದಾಗಲೆಲ್ಲ ನನಗೆ ಆ ರಾತ್ರಿ ನೆನಪಾಗುತ್ತದೆ.

ಇನ್ನು ಇನ್ನೊಂದು ಕಡೆಯ ವಾದ, ಅದು ಹೆಚ್ಚು ಗಂಭೀರವಾದದ್ದು. "ಕೆಲಸ ಇಲ್ಲಿ ನಡೆದರೇನು, ಲಾಭ ಹೊರಗೆ ಹೋಗುತ್ತದಲ್ಲ. ಮಾರುತಿ ಸುಜುಕಿಗೆ ರಾಯಲ್ಟಿ ಕೊಡುತ್ತದಲ್ಲ. ಡ್ರಾಯಿಂಗು ನಮ್ಮದಲ್ಲದಿದ್ದರೆ ನಾವು ಎಂದೂ ಕೂಲಿಗಳೇ." ವಿಜಯಪುರದವರ ಈ ಮಾತಿನಲ್ಲಿ ಹುರುಳಿದೆ. ಪದ್ಮಿನಿಯ ಕಥೆಯೇ ಅದಕ್ಕೆ ಸಾಕ್ಷಿ. ನಲವತ್ತೈದು ವರ್ಷ ಒಂದೇ ಕಾರನ್ನು ಮಾಡಿದೆವು, ಮುಂದಿನ ಕಾರನ್ನು ಬರೆಯುವ ಪೆನ್ಸಿಲು ನಮ್ಮ ಕೈಗೆ ಬರಲಿಲ್ಲ. ದೇಶದ ಬಾಗಿಲು ತೆರೆದು ಹೊಸ ಕಾರುಗಳು ಬಂದ ದಿನ ಕುರ್ಲಾದವರ ಬಳಿ ಹೊರತೆಗೆಯಲು ಏನೂ ಇರಲಿಲ್ಲ. 1998ರ ಡಿಸೆಂಬರಿನಲ್ಲಿ ಟಾಟಾ ಇಂಡಿಕಾ ಬಂದಾಗ ನಮ್ಮಂಥ ವರ್ಕ್‌ಶಾಪಿನವರು ಸಂಭ್ರಮಪಟ್ಟದ್ದು ಅದಕ್ಕೇ. ಹೊರಮೈಯ ಚೆಲುವಿಗೆ ಇಟಲಿಯ ಇಡಿಯಾ ಸಂಸ್ಥೆಯ ನೆರವು ಪಡೆದಿದ್ದರೂ, ಕಾರು ಹೇಗಿರಬೇಕೆಂದು ತೀರ್ಮಾನಿಸಿದ್ದು ಪುಣೆ. ಡ್ರಾಯಿಂಗಿಗೆ ಬೆಲೆ ಇದೆ, ಬಹಳ ಇದೆ.

ಆದರೆ ಆ ಬೆಲೆಯನ್ನು ಗುರುತು ಹೇಳುತ್ತದೆಯೇ? ಒಡೆತನ ನೋಡಿಯೇ ದೇಶ ತೀರ್ಮಾನಿಸುವುದಾದರೆ ಲೆಕ್ಕ ಎಲ್ಲಿಗೆ ಹೋಗುತ್ತದೆ ನೋಡಿ. 2008ರಲ್ಲಿ ಟಾಟಾದವರು ಜಾಗ್ವಾರ್ ಲ್ಯಾಂಡ್ ರೋವರನ್ನು ಫೋರ್ಡ್ ಕಂಪನಿಯಿಂದ 230 ಕೋಟಿ ಡಾಲರಿಗೆ ಕೊಂಡರು. ಹಾಗಾಗಿ ಇಂಗ್ಲೆಂಡಿನ ಸಾಲಿಹಲ್ ಕಾರ್ಖಾನೆಯಲ್ಲಿ ಪೂರ್ತಿ ತಯಾರಾಗಿ ಹಡಗಿನಲ್ಲಿ ಬಂದ ರೇಂಜ್ ರೋವರ್ ಸ್ವದೇಶಿ ಕಾರು. ಬಿಡದಿಯಲ್ಲಿ ಕಟ್ಟಿದ, ಗೇರ್‌ಬಾಕ್ಸು, ಎಂಜಿನ್ನಿನ ಭಾಗಗಳಿಗೆ ರಾಮನಗರ, ಜಿಗಣಿಯ ಹುಡುಗರು ಕೈಹಚ್ಚುವ ಟೊಯೋಟಾ ವಿದೇಶಿ ಕಾರು! ರೇಂಜ್ ರೋವರ್ ಪುಣೆಯಲ್ಲಿ ಜೋಡಣೆಯಾಗಲು ಶುರುವಾದದ್ದು 2024ರಲ್ಲಿ. ಎಂಜಿ ಎಂಬ ಹೆಸರು ಬ್ರಿಟಿಷರದ್ದು, ಅದರ ಒಡೆಯ ಚೀನಾದ ಸಾಯಿಕ್, ಕಾರ್ಖಾನೆ ಗುಜರಾತಿನ ಹಾಲೋಲಿನಲ್ಲಿ, ಈಗ ಪಾಲುದಾರರಾಗಿರುವುದು ನಮ್ಮ ಬಳ್ಳಾರಿಯ ತೋರಣಗಲ್ಲಿನಲ್ಲಿ ಉಕ್ಕು ಕಾಯಿಸುವ ಜೆಎಸ್‌ಡಬ್ಲ್ಯು. ಅಂಬಾಸಿಡರ್ ಎಂಬ ಹೆಸರನ್ನು 2017ರಲ್ಲಿ 80 ಕೋಟಿ ರೂಪಾಯಿಗೆ ಕೊಂಡದ್ದು ಅದೇ ಪ್ಯೂಜೋ. ಹೆಸರುಗಳು ಸಂತೆಯಲ್ಲಿ ಮಾರಾಟವಾಗುವ ವಸ್ತು. ನಮ್ಮ ನಿಷ್ಠೆಯನ್ನು ಅವುಗಳ ಕೊರಳಿಗೆ ಕಟ್ಟಬಾರದು.

ಹಾಗೆಂದು "ಮೇಡ್ ಇನ್ ಇಂಡಿಯಾ" ಎಂದು ಬರೆದಿದ್ದರೆ ಕಣ್ಣು ಮುಚ್ಚಿ ನಂಬಿ ಎಂದು ನಾನು ಹೇಳುತ್ತಿಲ್ಲ. ಇಲ್ಲಿ ಜೋಡಿಸಿದ್ದು ಬೇರೆ, ಇಲ್ಲಿ ಮಾಡಿದ್ದು ಬೇರೆ. ಉರಣದ ನ್ಹಾವಾ ಶೇವಾ ಬಂದರಿನಲ್ಲಿ ಇಳಿಯುವ ಕಂಟೇನರುಗಳಲ್ಲಿ ಕಾರು ಮೂರು ರೂಪದಲ್ಲಿ ಬರಬಹುದು: ಪೂರ್ತಿ ಕಾರಾಗಿ, ಬಿಡಿಸಿ ಕಟ್ಟಿದ ಕಿಟ್ಟಾಗಿ, ಅಥವಾ ಬಿಡಿ ಸಾಮಾನಾಗಿ. 2025ರಲ್ಲಿ ಪೂರ್ತಿ ಕಾರಿನ ಸುಂಕ ಬೆಲೆಯ ಶೇ. 70ರಿಂದ 110 ಇತ್ತು. ಕಿಟ್ಟಿಗೆ ಶೇ. 30–35. ಬಿಡಿ ಸಾಮಾನಿಗೆ ಶೇ. 5–15. ಸುಂಕದ ಈ ಮೆಟ್ಟಿಲುಗಳೇ ಕಾರಿನ "ದೇಶ"ವನ್ನು ಎಷ್ಟೋ ಸಲ ನಿರ್ಧರಿಸುತ್ತವೆ. 2024ರ ಸೆಪ್ಟೆಂಬರಿನಲ್ಲಿ ಕಸ್ಟಮ್ಸ್ ಇಲಾಖೆ ಸ್ಕೋಡಾ ಆಟೊ ಫೋಕ್ಸ್‌ವಾಗನ್ ಇಂಡಿಯಾ ಕಂಪನಿಗೆ ಸುಮಾರು 140 ಕೋಟಿ ಡಾಲರಿನ ನೋಟಿಸು ಕೊಟ್ಟಿತು. ಹೆಚ್ಚುಕಡಿಮೆ ಇಡೀ ಕಾರನ್ನೇ ಬಿಡಿಸಿ, ಬೇರೆ ಬೇರೆ ಸರಕಾಗಿ ತರಿಸಿ, ಬಿಡಿ ಸಾಮಾನಿನ ಸುಂಕ ಕಟ್ಟಲಾಗಿದೆ ಎಂಬುದು ಇಲಾಖೆಯ ಆರೋಪ. ಕಂಪನಿ ಅದನ್ನು ಒಪ್ಪದೆ ಮುಂಬೈ ಹೈಕೋರ್ಟಿಗೆ ಹೋಯಿತು. ಯಾರು ಸರಿ ಎಂಬುದನ್ನು ಕೋರ್ಟು ಹೇಳಬೇಕು. ನನಗೆ ಮುಖ್ಯವಾಗಿ ಕಾಣುವುದು ಇದು: ಒಂದು ಕಾರು ಇಲ್ಲಿ ಆದದ್ದೋ ಹೊರಗಿನಿಂದ ಬಂದದ್ದೋ ಎಂದು ತೀರ್ಮಾನಿಸಲು ಸರ್ಕಾರ ಮತ್ತು ಕಂಪನಿ ನ್ಯಾಯಾಲಯಕ್ಕೆ ಹೋಗಬೇಕಾಗಿ ಬಂದಿದೆ, ನಾವು ಬಾನೆಟ್ಟು ನೋಡಿ ಎರಡೇ ನಿಮಿಷದಲ್ಲಿ ತೀರ್ಪು ಕೊಡುತ್ತಿದ್ದೇವೆ.

ವಿದ್ಯುತ್ ಕಾರು ಬಂದಮೇಲಂತೂ ಪ್ರಶ್ನೆ ಇನ್ನೂ ಚೂಪಾಗಿದೆ. ಇಂಥ ಕಾರಿನಲ್ಲಿ ಅತಿ ದುಬಾರಿ ಭಾಗ ಬ್ಯಾಟರಿ. ಟಾಟಾ ನೆಕ್ಸಾನ್ ಇವಿ 2020ರಲ್ಲಿ ಬಂದಾಗ ಅದರ ಬ್ಯಾಟರಿಗೆ ಕೈಜೋಡಿಸಿದ್ದು ಚೀನಾದ ಗೋಷನ್ ಕಂಪನಿ. ಮಹೀಂದ್ರಾ 2024ರ ನವೆಂಬರಿನಲ್ಲಿ ತಂದ ಬಿಇ 6 ಚಾಕಣದಲ್ಲಿ ತಯಾರಾಗುತ್ತದೆ, ಬ್ಯಾಟರಿಯ ಸೆಲ್ ಚೀನಾದ ಬಿವೈಡಿಯದ್ದು. ಎರಡೂ ಒಳ್ಳೆಯ ಕಾರುಗಳೇ, ನಮ್ಮ ಎಂಜಿನಿಯರುಗಳ ದುಡಿಮೆಯ ಬಗ್ಗೆ ನನಗೆ ಅಭಿಮಾನವಿದೆ. ಆದರೆ 2025ರ ಏಪ್ರಿಲಿನಲ್ಲಿ ಚೀನಾ ಮೋಟಾರಿಗೆ ಬೇಕಾದ ಅಪರೂಪದ ಲೋಹಗಳ ಅಯಸ್ಕಾಂತದ ರಫ್ತಿಗೆ ಬಿಗಿ ಹಾಕಿದಾಗ, ಸ್ವದೇಶಿ ಗುರುತಿನವರೂ ವಿದೇಶಿ ಗುರುತಿನವರೂ ಒಟ್ಟಿಗೇ ಕಂಗಾಲಾದರು. ಜಪಾನಿನಲ್ಲಿ ಸುಜುಕಿ ಸ್ವಿಫ್ಟಿನ ತಯಾರಿಕೆಯೇ ಕೆಲವು ದಿನ ನಿಂತಿತು. ಅಂಗೈಯಗಲದ ಕಪ್ಪು ಅಯಸ್ಕಾಂತ ಯಾವ ಲಾಂಛನವನ್ನೂ ನೋಡಲಿಲ್ಲ.

ಇನ್ನು "ಇಂಪೋರ್ಟೆಡ್" ಎಂಬ ಪದದ ಮೋಹ. 2025ರ ಜುಲೈಯಲ್ಲಿ ಬಾಂದ್ರಾ–ಕುರ್ಲಾ ಕಾಂಪ್ಲೆಕ್ಸಿನಲ್ಲಿ ಟೆಸ್ಲಾ ಅಂಗಡಿ ತೆರೆಯಿತು. ಸುಮಾರು 60 ಲಕ್ಷ ರೂಪಾಯಿಯ ಆ ಅಮೆರಿಕದ ಕಾರು ಬಂದದ್ದು ಚೀನಾದ ಶಾಂಘೈಯಿಂದ. ಅದೇ ವರ್ಷದ ಶುರುವಿನಲ್ಲಿ ಜಪಾನಿನವರು ಐದು ಬಾಗಿಲಿನ ಜಿಮ್ನಿಗೆ ಮುಗಿಬಿದ್ದರು. ಕೆಲವೇ ದಿನದಲ್ಲಿ 50,000 ಬುಕಿಂಗ್ ಆಗಿ ಸುಜುಕಿ ಬುಕಿಂಗನ್ನೇ ನಿಲ್ಲಿಸಬೇಕಾಯಿತು. ಆ ಜಿಮ್ನಿ ತಯಾರಾಗುವುದು ಹರಿಯಾಣದಲ್ಲಿ. ಟೋಕಿಯೊದ ಗೃಹಸ್ಥನಿಗೆ ಇಂಪೋರ್ಟೆಡ್ ಕಾರು ಎಂದರೆ ಭಾರತದ್ದು! ಅದಕ್ಕೂ ಮೊದಲು ಲಂಡನ್ನಿನ ರಸ್ತೆಗಳಲ್ಲಿ ಜಿ-ವಿಜ್ ಎಂಬ ಹೆಸರಿನಲ್ಲಿ ಓಡಾಡಿದ ಪುಟ್ಟ ವಿದ್ಯುತ್ ಕಾರು ನಮ್ಮ ಬೆಂಗಳೂರಿನ ರೇವಾ. ಬೊಮ್ಮಸಂದ್ರದಲ್ಲಿ ತಯಾರಾದ ಅದನ್ನು ನಮ್ಮವರು ಆಟಿಕೆ ಎಂದರು. ಹೊರಗಿನವರು ದುಡ್ಡು ಕೊಟ್ಟು ತರಿಸಿಕೊಂಡರು.

ಏನು ಮಾಡಬೇಕು ಎಂದು ಇಬ್ಬರೂ ನೆರೆಯವರು ನನ್ನನ್ನು ಕೇಳಿದ್ದಾರೆ. ಮೊದಲು ಮುಂದಿನ ಗಾಜಿನ ಕೆಳಮೂಲೆಯಲ್ಲೋ ಬಾಗಿಲ ಕಂಬದಲ್ಲೋ ಇರುವ ಹದಿನೇಳು ಅಕ್ಷರ–ಅಂಕಿಗಳ ಚಾಸಿ ನಂಬರನ್ನು ಓದಿ ಎಂದೆ. ಇಂಗ್ಲಿಷಿನ ಎಂ ಅಕ್ಷರದಿಂದ ಶುರುವಾಗಿ ಎರಡನೆಯ ಅಕ್ಷರ ಎ ಯಿಂದ ಇ ವರೆಗಿನದಾದರೆ ಭಾರತದ ಸಂಖ್ಯೆ. ಮೊದಲ ಅಕ್ಷರವೇ ಜೆ ಆದರೆ ಜಪಾನ್, ಡಬ್ಲ್ಯು ಆದರೆ ಜರ್ಮನಿ. ಟಾರ್ಚು ಹಿಡಿದು ಇಬ್ಬರೂ ಬಗ್ಗಿ ಓದಿದರು. ಎರಡೂ ಎಂ. ಕಾರ್ಕಳದವರು ಬೆರಳಿನಿಂದ ಧೂಳು ಒರೆಸಿ ಇನ್ನೊಮ್ಮೆ ಓದಿದರು.

ಆದರೆ ಆ ನಂಬರು ಹೇಳುವುದು ಕಾಲುಭಾಗ ಸತ್ಯ ಮಾತ್ರ. ಉಳಿದದ್ದನ್ನು ಹೇಳಬೇಕಾದವರು ಕಂಪನಿಯವರು, ಹೇಳಿಸಬೇಕಾದದ್ದು ಸರ್ಕಾರ. ಅಮೆರಿಕದಲ್ಲಿ 1992ರಲ್ಲೇ ಇದಕ್ಕೆ ಕಾನೂನು ಆಗಿದೆ. ಅಲ್ಲಿ ಹೊಸ ಕಾರಿನ ಕಿಟಕಿಗೆ ಒಂದು ಚೀಟಿ ಅಂಟಿಸಲೇಬೇಕು: ಬಿಡಿಭಾಗಗಳಲ್ಲಿ ಅಮೆರಿಕ–ಕೆನಡಾದ್ದು ಶೇಕಡ ಎಷ್ಟು, ಹೊರಗಿನದು ಹೆಚ್ಚಾಗಿ ಯಾವ ದೇಶದ್ದು, ಜೋಡಣೆ ಯಾವ ಊರಿನಲ್ಲಿ, ಎಂಜಿನ್ ಮತ್ತು ಗೇರ್‌ಬಾಕ್ಸ್ ಯಾವ ದೇಶದ್ದು. ನಮ್ಮಲ್ಲಿ ಈ ಲೆಕ್ಕ ಇಲ್ಲದೇ ಇಲ್ಲ. ಕಾರು ಉದ್ಯಮಕ್ಕೆಂದು 2021ರಲ್ಲಿ ಮಂಜೂರಾದ 25,938 ಕೋಟಿ ರೂಪಾಯಿಯ ಪ್ರೋತ್ಸಾಹಧನ ಯೋಜನೆಯಲ್ಲಿ ಹಣ ಬೇಕೆಂದರೆ ಕನಿಷ್ಠ ಶೇ. 50ರಷ್ಟು ಮೌಲ್ಯ ದೇಶದೊಳಗೇ ಸೇರಿರಬೇಕು, ಅದಕ್ಕೆ ಪ್ರಮಾಣಪತ್ರ ಬೇಕು. ಸರ್ಕಾರಕ್ಕೆ ತೋರಿಸುವ ಆ ಅಂಕಿಯನ್ನು ಕಾರು ಕೊಳ್ಳುವವನಿಗೂ ತೋರಿಸಿ ಎಂಬುದಷ್ಟೇ ನನ್ನ ಬೇಡಿಕೆ. ಬಿಸ್ಕತ್ತಿನ ಪೊಟ್ಟಣದ ಮೇಲೆ ಎಣ್ಣೆ ಯಾವುದು, ಸಕ್ಕರೆ ಎಷ್ಟು, ತಯಾರಾದದ್ದು ಎಲ್ಲಿ ಎಂದು ಬರೆಯಬೇಕು. ಹತ್ತು–ಹದಿನೈದು ಲಕ್ಷದ ಕಾರಿನ ಮೇಲೆ ಏನೂ ಬೇಡ ಎನ್ನುವುದು ಯಾವ ನ್ಯಾಯ?

ವಿಜಯಪುರದವರ ಮಗ ಬರುವ ಪಾಡ್ಯಕ್ಕೆ ವಿದ್ಯುತ್ ಕಾರು ಕೊಳ್ಳುವ ಯೋಚನೆಯಲ್ಲಿದ್ದಾನೆ. ನಾನು ಒಂದು ಚೀಟಿಯಲ್ಲಿ ನಾಲ್ಕು ಪ್ರಶ್ನೆ ಬರೆದುಕೊಟ್ಟೆ: ಜೋಡಣೆ ಎಲ್ಲಿ, ಸೆಲ್ ಎಲ್ಲಿಯದು, ಮೋಟಾರ್ ಎಲ್ಲಿಯದು, ಬೆಲೆಯಲ್ಲಿ ದೇಶದೊಳಗಿನ ಪಾಲು ಎಷ್ಟು. ಕಳೆದ ಶನಿವಾರ ಅಪ್ಪ ಮಗ ಇಬ್ಬರೂ ಶೋರೂಮಿಗೆ ಹೋಗಿದ್ದರು. ಅಲ್ಲಿನ ಹುಡುಗ ಮರ್ಯಾದೆಯಿಂದಲೇ ಚೀಟಿ ಇಸಿದುಕೊಂಡು ಒಳಗೆ ಹೋಗಿ, ಮ್ಯಾನೇಜರನ್ನು ಕೇಳಿ ಬಂದನಂತೆ. ಮೊದಲನೆಯ ಪ್ರಶ್ನೆಗೆ ಮಾತ್ರ ಉತ್ತರ ಸಿಕ್ಕಿತು. ಉಳಿದ ಮೂರರ ಎದುರು ಅವನು ಪೆನ್ಸಿಲಿನಲ್ಲಿ ಗೆರೆ ಎಳೆದು, ಸೋಮವಾರ ಫೋನ್ ಮಾಡಿ ತಿಳಿಸುತ್ತೇನೆ ಎಂದಿದ್ದಾನೆ. ಫೋನು ಇನ್ನೂ ಬಂದಿಲ್ಲ. ವಿಜಯಪುರದವರು ಆ ಚೀಟಿಯನ್ನು ಗ್ರ್ಯಾಂಡ್ ವಿಟಾರಾದ ಡ್ಯಾಶ್‌ಬೋರ್ಡಿನ ಮೇಲೆ ಗಣಪತಿಯ ಪಕ್ಕದಲ್ಲಿ ಇಟ್ಟುಕೊಂಡಿದ್ದಾರೆ. "ಇನ್ನೊಂದ್ ಶೋರೂಮಿಗೆ ಹೋಗ್ತೀನ್ರಿ ಸರ, ಉತ್ತರ ಸಿಗೂ ತನಕಾ ಅಡ್ವಾನ್ಸ್ ಕೊಡಂಗಿಲ್ಲ" ಎಂದರು ನಿನ್ನೆ.